ಲೈಬ್ರರಿಯ ಹೆಸರುಗಳಿಗೆ ಎಷ್ಟು ಅಕ್ಷರ?

ನದಿನೀರಿನ ಲೆಕ್ಕಾಚಾರದ ಲೈಬ್ರರಿಯೊಂದನ್ನು (ಸಿದ್ಧ ಕೋಡಿನ ಸಂಗ್ರಹ) ಸಿ ಮತ್ತು ಫೋರ್ಟ್ರಾನ್ ಎಂಬ ಎರಡೂ ಪ್ರೋಗ್ರಾಮಿಂಗ್ ಭಾಷೆಗಳಿಂದ ಬಳಸಲು ಬಯಸುವ ಮಂಗಳೂರಿನ ಓದುಗರೊಬ್ಬರು, ಅದರ ಫಂಕ್ಷನ್‌ಗಳ (ಒಂದೊಂದು ಕೆಲಸ ಮಾಡುವ ಕೋಡಿನ ತುಣುಕುಗಳ) ಹೆಸರಿಗೆ ಯಾವ ಮಿತಿ ಪಾಲಿಸಬೇಕೆಂದು ಕೇಳಿದ್ದಾರೆ. 1989ರ ಸಿ ಮಾನಕದ 6 ಅಕ್ಷರ, 1999ರ ಮಾನಕದ 31 ಅಕ್ಷರ, ಅಥವಾ ಇಂದಿನ ಲಿಂಕರ್ (ಕೋಡಿನ ಬೇರೆ ಬೇರೆ ಭಾಗಗಳನ್ನು ಹೆಸರುಗಳ ಮೂಲಕ ಜೋಡಿಸುವ ಸಾಧನ) ಒಪ್ಪುವಷ್ಟು ಉದ್ದ ಎಂಬ ಮೂರು ದಾರಿಗಳಿವೆ.

ಬಹಳ ಹಳೆಯ ಯಂತ್ರಗಳಲ್ಲೂ ಕೋಡ್ ನಡೆಯಬೇಕಾದರೆ ಮೊದಲನೆಯದೇ ಸುರಕ್ಷಿತ. ಆದರೆ ನೇತ್ರಾವತಿಯ ಒಳಹರಿವು, ಹೊರಹರಿವು ಎರಡಕ್ಕೂ ನದಿಯ ಹೆಸರಿನಿಂದಲೇ ಆರಂಭವಾಗುವ ಫಂಕ್ಷನ್‌ಗಳನ್ನು ಬರೆದರೆ, ಮೊದಲ ಆರು ರೋಮನ್ ಅಕ್ಷರಗಳು ಒಂದೇ ಆಗಿರುವುದರಿಂದ ಆರು ಅಕ್ಷರಗಳನ್ನಷ್ಟೇ ಗಮನಿಸುವ ಹಳೆಯ ಲಿಂಕರ್‌ಗೆ ಅವೆರಡೂ ಒಂದೇ ಹೆಸರಾಗಿಬಿಡಬಹುದು. ಕ್ಯಾಪಿಟಲ್, ಸ್ಮಾಲ್ ಅಕ್ಷರಗಳ ಭೇದವನ್ನು ಕಡೆಗಣಿಸಲೂ ಆ ಮಾನಕ ಅವಕಾಶ ಕೊಟ್ಟಿತ್ತು. ಹೆಸರು ನೋಡಿ ಕೆಲಸ ತಿಳಿಯದ ಕೋಡನ್ನು ಮುಂದಿನವರಿಗೆ ಒಪ್ಪಿಸುವುದು ನನಗೆ ನಿಜಕ್ಕೂ ಬೇಸರದ ವಿಷಯ.

31ರ ಮಿತಿಯಲ್ಲಿ ಓದುವಿಕೆ ಸುಲಭ. ಫೋರ್ಟ್ರಾನ್ 90 ಕೂಡ ಅಷ್ಟೇ ಉದ್ದವನ್ನು ಒಪ್ಪುತ್ತದೆ. ಅಕ್ಷರಭೇದದ ತೊಡಕು ಮಾತ್ರ ಉಳಿಯುತ್ತದೆ: ಫೋರ್ಟ್ರಾನ್ ಕಂಪೈಲರ್ ಆದ ಜಿಫೋರ್ಟ್ರಾನ್ ಸಾಮಾನ್ಯವಾಗಿ ಹೆಸರನ್ನು ಸ್ಮಾಲ್ ಅಕ್ಷರಗಳಿಗೆ ಇಳಿಸಿ, ಕೊನೆಗೊಂದು ಅಂಡರ್‌ಸ್ಕೋರ್ ಸೇರಿಸುತ್ತದೆ. 2003ರ ಫೋರ್ಟ್ರಾನ್ ಮಾನಕದ, ಸಿ ಜೊತೆ ಬೆಸೆಯಲು ಇರುವ ‘ಬೈಂಡ್’ ಘೋಷಣೆಯಲ್ಲಿ ಸಿ ಹೆಸರನ್ನು ಸ್ಪಷ್ಟವಾಗಿ ಕೊಟ್ಟರೆ ಅದು ಹಾಗೆಯೇ ಉಳಿಯುತ್ತದೆ.

ಇನ್ನು ಮೂರನೆಯ ದಾರಿ: ಲಿನಕ್ಸ್‌ನಲ್ಲಿ ಕಂಪೈಲ್ ಆದ ಕೋಡನ್ನು ಇಡುವ ಇಎಲ್‌ಎಫ್ ಕಡತಗಳು ಹೆಸರುಗಳನ್ನು ಪ್ರತ್ಯೇಕ ಕೋಷ್ಟಕದಲ್ಲಿಡುವುದರಿಂದ ಉದ್ದ ಅಲ್ಲಿ ಸಮಸ್ಯೆಯಲ್ಲ. ಆರ್ಗ್ಯುಮೆಂಟ್‌ಗಳ (ಫಂಕ್ಷನ್‌ಗೆ ಕೊಡುವ ಮೌಲ್ಯಗಳ) ವಿಧಗಳನ್ನೂ ಹೆಸರಿಗೆ ಹೆಣೆಯುವ ಸಿ++ ಕೋಡಿಗೆ ಈ ಸೌಲಭ್ಯ ಅನಿವಾರ್ಯ. ಸಿ++ ಮಾತ್ರ ಬಳಸುವವರು ಇದನ್ನು ಆಯ್ದುಕೊಳ್ಳಲಿ. ಪ್ರಶ್ನೆ ಕೇಳಿದವರಂತೆ ಎರಡು ಭಾಷೆಗಳನ್ನು ಬೆಸೆಯುವವರಿಗೆ 31ರೊಳಗಿನ, ಸ್ಮಾಲ್ ಅಕ್ಷರಗಳಷ್ಟೇ ಇರುವ ಹೆಸರುಗಳು ಹೆಚ್ಚು ಅನುಕೂಲ.