ಬ್ರೇಕ್ ಒತ್ತಿದರೆ ಕಾರು ಆಫ್ ಆಗುತ್ತಿತ್ತು: ಕಾರ್ಬುರೇಟರ್ ರಿಪೇರಿ ಕಿಟ್ ಹಾಕಿದ ಮೇಲೆ

ನನ್ನ ಹಳೇ ಕಾರಿಗೆ ಒಂದು ಕೆಟ್ಟ ಚಾಳಿ ಇತ್ತು. ಓಡುವುದೆಲ್ಲ ಚೆನ್ನಾಗೇ ಓಡುತ್ತಿತ್ತು, ಆದರೆ ಸ್ವಲ್ಪ ಜೋರಾಗಿ ಬ್ರೇಕ್ ಒತ್ತಿದರೆ ಸಾಕು, ಇಂಜಿನ್ ಗೊರಗೊರ ಅಂದು ಇನ್ನೇನು ಆಫ್ ಆಗೇಬಿಟ್ಟಿತು ಅನ್ನುವಷ್ಟು ಕುಸಿಯುತ್ತಿತ್ತು. ಹಿಮ್ಮಡಿ ಆಕ್ಸಿಲರೇಟರ್ ಮೇಲೆ, ಬೆರಳು ಬ್ರೇಕ್ ಮೇಲೆ ಇಟ್ಟುಕೊಂಡು ಎಷ್ಟೋ ತಿಂಗಳು ಸರ್ಕಸ್ ಮಾಡಿದೆ. ಮೆಕ್ಯಾನಿಕ್ ಒಬ್ಬರು ಸುಮ್ನೆ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ಓಡುವ ವೇಗ) ಏರಿಸಿ ಕಳಿಸಿದರು. ಜ್ವರಕ್ಕೆ ಒದ್ದೆಬಟ್ಟೆ ಹಾಕಿದ ಹಾಗೆ, ಅಲ್ವಾ? ಕೊನೆಗೆ ಕಾರ್ಬುರೇಟರಿನ, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್‌ಗೆ ಕೊಡುವ ಭಾಗದ, ರಿಪೇರಿ ಕಿಟ್ ತರಿಸಿ ನಾನೇ ಬಿಚ್ಚಿ ಕೂತೆ.

ಕಿಟ್ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಕಾರು ನಿಂತಲ್ಲೇ, ನ್ಯೂಟ್ರಲ್‌ನಲ್ಲಿ, ಇಂಜಿನ್ ಓಡುತ್ತಿರುವಾಗ ಬ್ರೇಕ್ ಒತ್ತಿ ಹಿಡಿಯಿರಿ. ಆಗಲೂ ಇಂಜಿನ್ ಕುಸಿದರೆ ಮೊದಲು ಬ್ರೇಕ್ ಬೂಸ್ಟರ್ (ಪೆಡಲ್ ಒತ್ತಿದಾಗ ಬ್ರೇಕಿಗೆ ಬಲ ಕೂಡಿಸುವ ಭಾಗ) ನೋಡಿಸಿ. ಅದರೊಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಮ್, ಹರಿದಿದ್ದರೆ ಪೆಡಲ್ ಒತ್ತಿದಾಗ ಬೇಡದ ಗಾಳಿ ಇಂಜಿನ್ ಒಳಗೆ ನುಗ್ಗುತ್ತದೆ, ಅದಕ್ಕೆ ಇಂಥ ಕಿಟ್ ಎರಡು ಹಾಕಿದರೂ ಉಪಯೋಗವಿಲ್ಲ. ನನ್ನ ಕಾರಿನ ತಕರಾರು ಓಡುವಾಗ ಮಾತ್ರ. ಜೊತೆಗೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಲ್ಲಿ ಮಟ್ಟ ಜಾಸ್ತಿಯಾಗಿ, ಬ್ರೇಕ್ ಹಾಕಿದಾಗ ಅದು ತುಳುಕಿ ಇಂಜಿನ್‌ಗೆ ಉಸಿರು ಕಟ್ಟಿಸುತ್ತಿತ್ತು.

ಬಿಚ್ಚಿ ನೋಡಿದರೆ, ಬಟ್ಟಲಿಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ಹಳೇ ನೀಡಲ್ ವಾಲ್ವಿನ ತುದಿಯಲ್ಲಿ ಉಂಗುರದ ಹಾಗೆ ಸವೆದ ಗೆರೆ. ಎಷ್ಟು ಮುಚ್ಚಿದರೂ ಸೋರದೆ ಏನು ಮಾಡೀತು! ಪೆಟ್ರೋಲ್ ಮೇಲೆ ತೇಲುತ್ತಾ ಆ ನೀಡಲನ್ನು ಮುಚ್ಚಿಸುವ ಫ್ಲೋಟನ್ನೂ ಬಿಸಿನೀರಲ್ಲಿ ಮುಳುಗಿಸಿ ನೋಡಿದೆ, ಗುಳ್ಳೆ ಬರಲಿಲ್ಲ, ಅದು ತೂತಾಗಿರಲಿಲ್ಲ.

ಇನ್ನು ಕಿಟ್ಟಿನ ಮಾತು. ನೀಡಲ್ ಮತ್ತು ಅದರ ಸೀಟ್ ಎರಡೂ ಚೆನ್ನಾಗಿವೆ, ತುದಿಗೆ ರಬ್ಬರ್ ಇದೆ, ಬಿಗಿಯಾಗಿ ಕೂರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಪಂಪಿನ ಡಯಾಫ್ರಮ್ ಮೆತ್ತಗಿದೆ. ಭಾಗಗಳ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್‌ಗಳಲ್ಲಿ ಒಂದರ ತೂತು ಸ್ವಲ್ಪ ಆಚೀಚೆ, ಬ್ಲೇಡಿನಲ್ಲಿ ಕೊರೆದುಕೊಂಡೆ.

ಸಿಟ್ಟು ಬಂದದ್ದು ಒಳಗಿದ್ದ ಚೀಟಿ ನೋಡಿ. ಹತ್ತಾರು ಮಾಡೆಲ್‌ಗಳಿಗೆ ಒಂದೇ ಚೀಟಿ, ನನ್ನ ಕಾರ್ಬುರೇಟರಿನ ಫ್ಲೋಟ್ ಎತ್ತರ, ಅಂದರೆ ಬಟ್ಟಲಿನ ಪೆಟ್ರೋಲ್ ಮಟ್ಟ ನಿರ್ಧರಿಸುವ ಅಳತೆ, ಎಲ್ಲೂ ಇಲ್ಲ. ಇಡೀ ರಿಪೇರಿಯ ಜೀವ ಇರುವುದೇ ಆ ಅಳತೆಯಲ್ಲಿ, 1-2 ಮಿಲಿಮೀಟರ್ ತಪ್ಪಿದರೂ ಕಥೆ ಮತ್ತೆ ಮೊದಲಿನದೇ. ಕಾರಿನ ಸರ್ವಿಸ್ ಪುಸ್ತಕ ಹುಡುಕಿ ಅಳತೆ ತೆಗೆದುಕೊಂಡೆ. ಅಳೆಯುವಾಗ ಫ್ಲೋಟ್ ತನ್ನ ಭಾರಕ್ಕೆ ತಾನೇ ನೀಡಲನ್ನು ಮುಟ್ಟಿ ನಿಂತಿರಬೇಕು, ನೀಡಲ್ ಹಿಂದಿನ ಸ್ಪ್ರಿಂಗ್ ಒತ್ತಿಕೊಂಡಿರಬಾರದು. ಸರಿಮಾಡಲು ನೀಡಲನ್ನು ಮುಟ್ಟುವ ಸಣ್ಣ ತಗಡಿನ ನಾಲಿಗೆ ಬಗ್ಗಿಸಿ, ಫ್ಲೋಟನ್ನು ಬಗ್ಗಿಸಬೇಡಿ. ಮೊದಲ ಸಲ ನಾನು ನೀಡಲ್ ಮೇಲೆ ಒತ್ತಿ ಬಗ್ಗಿಸಿ, ಎಲ್ಲ ಜೋಡಿಸಿದ ಮೇಲೆ ಮತ್ತೆ ಬಿಚ್ಚಬೇಕಾಯಿತು. ಅರ್ಧ ದಿನ ಹೋಯಿತು.

ಈಗ ಎಷ್ಟು ಜೋರಾಗಿ ಬ್ರೇಕ್ ಒತ್ತಿದರೂ ಇಂಜಿನ್ ಅಲುಗುವುದಿಲ್ಲ. ಏರಿಸಿದ್ದ ಐಡಲ್ ಕೂಡ ಮತ್ತೆ ಇಳಿಸಿದೆ. ಐದಕ್ಕೆ ನಾಲ್ಕು ಸ್ಟಾರ್, ಕಡಿತ ಆ ಚೀಟಿಗೆ. ಹಾಂ, ಕ್ಲೀನರ್ ಸ್ಪ್ರೇ ಹೊಡೆಯುವುದಿದ್ದರೆ ರಬ್ಬರ್ ಭಾಗಗಳನ್ನು ಹಾಕುವ ಮುಂಚೆಯೇ ಹೊಡೆದು ಒಣಗಿಸಿ, ಇಲ್ಲದಿದ್ದರೆ ಹೊಸ ಡಯಾಫ್ರಮ್ ಉಬ್ಬಿ ಹಾಳಾಗುತ್ತದೆ.