ಪೈಲ್ ಗುಂಪು ಎಷ್ಟು ಇಳಿಯುತ್ತದೆ? ಒಂದೇ ಟ್ಯಾಂಕಿಗೆ ಹಾಕಿ ನೋಡಿದ ಲೆಕ್ಕಗಳು

ವಿಜಯಪುರ, ಬಾಗಲಕೋಟೆ ಕಡೆ ಡಿಸೈನ್ ಮಾಡುವವರಿಗೆ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟು ಕಂಬ) ಗುಂಪಿನ ಸೆಟ್ಲ್‌ಮೆಂಟ್ (ಇಳಿತದ) ಲೆಕ್ಕ ಬೇಕಾಗುವುದೇ ಅಪರೂಪ. ಮೇಲೆ ಎರಿ ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕರಿಕಲ್ಲು. ಪೈಲ್ ಕಲ್ಲಿನಲ್ಲಿ ಹೋಗಿ ಕೂತರೆ ಕಾಂಕ್ರೀಟು ತಾನೇ ಕುಗ್ಗುವ ಒಂದೋ ಎರಡೋ ಮಿಲಿಮೀಟರ್ ಬಿಟ್ಟರೆ ಬೇರೆ ಚಿಂತೆಯಿಲ್ಲ. (ಆ ಕಲ್ಲು ದಪ್ಪಗಿದೆಯಾ ಅಂತ ನೋಡಿಕೊಳ್ಳಿ ಮಾತ್ರ. ಲಾವಾ ಪದರಗಳ ನಡುವೆ ಕೆಂಪು ಮೆತ್ತನೆಯ ಬೋಲ್ ಪದರ ಸಿಗುವುದುಂಟು.)

ತಲೆ ಕೆಡುವುದು ನದಿ ದಂಡೆಯಲ್ಲಿ. ಜಮಖಂಡಿ ತಾಲೂಕಿನಲ್ಲಿ, ಕೃಷ್ಣೆಯ ಹಳೇ ಹರಿವಿನ ಜಾಗದಲ್ಲಿ ಒಂದು ಓವರ್‌ಹೆಡ್ ಟ್ಯಾಂಕು. ಕಲ್ಲು ಸಿಕ್ಕಿದ್ದು ಕ್ಯಾಪಿನ (ಪೈಲುಗಳ ತಲೆ ಸೇರಿಸುವ ದಪ್ಪ ಕಾಂಕ್ರೀಟು ಹಲಗೆ) ತಳದಿಂದ 25 ಮೀಟರ್ ಕೆಳಗೆ. ನಡುವೆ ಪೂರ್ತಿ ಸಣ್ಣ ಮರಳು, ಅಲ್ಲಲ್ಲಿ ರೇವೆ. ಎಸ್‌ಪಿಟಿ ಎನ್ ಬೆಲೆ (ಪರೀಕ್ಷೆಯ ಕೊಳವೆ ಮಣ್ಣಿನಲ್ಲಿ 30 ಸೆಂ.ಮೀ. ಇಳಿಯಲು ಬೇಕಾದ ಸುತ್ತಿಗೆ ಏಟುಗಳು) 25ರ ಆಸುಪಾಸು. 600 ಮಿ.ಮೀ. ವ್ಯಾಸದ 16 ಪೈಲ್, ನಾಲ್ಕು ಸಾಲು, ಒಂದೊಂದು ಸಾಲಿನಲ್ಲಿ ನಾಲ್ಕು. ಅಂತರ 1.8 ಮೀಟರ್, ಉದ್ದ 15 ಮೀಟರ್. ಟ್ಯಾಂಕು ತುಂಬಿದಾಗ ಒಟ್ಟು ಭಾರ 7200 ಕಿಲೋನ್ಯೂಟನ್, ಅಂದರೆ ಪೈಲಿಗೆ 450. ಮಣ್ಣಿನ ಇ ಬೆಲೆ (ಒತ್ತಿದರೆ ಕುಗ್ಗದಿರುವ ಬಿಗಿತ) 40 ಮೆಗಾಪಾಸ್ಕಲ್ ಅಂತ ಹಿಡಿದೆ. ಇದೇ ಅಂಕಿಗಳನ್ನು ಬೇರೆ ಬೇರೆ ವಿಧಾನಕ್ಕೆ ಹಾಕಿದರೆ ಏನು ಬರುತ್ತದೆ ಅಂತ ಪೂರ್ತಿ ಮಾಡಿಯೇ ನೋಡಿದೆ.

ಮೊದಲು ಎಲ್ಲರೂ ಕಲಿತದ್ದು, ಈಕ್ವಿವಲೆಂಟ್ ರಾಫ್ಟ್. ಪೈಲ್ ಉದ್ದದ ಮೂರನೇ ಎರಡು ಭಾಗದಲ್ಲಿ, ನಮ್ಮ ಲೆಕ್ಕಕ್ಕೆ 10 ಮೀಟರ್ ಆಳದಲ್ಲಿ, ಒಂದು ಕಾಲ್ಪನಿಕ ರಾಫ್ಟ್ (ಇಡೀ ಭಾರ ಹೊರುವ ಅಗಲ ಹಲಗೆ ಬುನಾದಿ) ಇದೆ ಅಂದುಕೊಳ್ಳುವುದು. ಸರಿ, ಆ ರಾಫ್ಟ್ ಎಷ್ಟು ಅಗಲ? ಟೆರ್ಜಾಗಿ ದಾರಿಯಲ್ಲಿ ಹೋದರೆ ಗುಂಪಿನಷ್ಟೇ, 6 ಮೀಟರ್. ಒತ್ತಡ 200 ಕಿಲೋಪಾಸ್ಕಲ್. ಟಾಮ್ಲಿನ್ಸನ್ ಹೇಳಿದಂತೆ ಭಾರ 1:4 ಇಳಿಜಾರಿನಲ್ಲಿ (ನಾಲ್ಕು ಮೀಟರ್ ಇಳಿದರೆ ಒಂದೊಂದು ಬದಿಗೂ ಒಂದು ಮೀಟರ್) ಹರಡಿಕೊಂಡು ಬರುತ್ತದೆ ಅಂದರೆ ರಾಫ್ಟ್ 11 ಮೀಟರ್ ಆಗುತ್ತದೆ, ಒತ್ತಡ 60ಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ 1:2 ಹರಡಿಸಿ ಕಲ್ಲಿನವರೆಗಿನ 15 ಮೀಟರ್ ಕೂಡಿಸಿದರೆ ಮೊದಲನೆಯದಕ್ಕೆ 21 ಮಿ.ಮೀ., ಎರಡನೆಯದಕ್ಕೆ 9. ವಿಧಾನ ಒಂದೇ, ಮಣ್ಣು ಒಂದೇ, ಉತ್ತರ ಎರಡು ಪಟ್ಟಿಗಿಂತ ಜಾಸ್ತಿ ಬೇರೆ! ರಿಪೋರ್ಟಿನಲ್ಲಿ 'ಈಕ್ವಿವಲೆಂಟ್ ರಾಫ್ಟ್ ಪ್ರಕಾರ' ಅಂತಷ್ಟೇ ಬರೆದಿದ್ದರೆ ಯಾವ ಅಗಲ ಅಂತ ಕೇಳದೆ ಸಹಿ ಹಾಕಬೇಡಿ.

ಮೇಯರ್‌ಹಾಫ್ 1976ರಲ್ಲಿ ಕೊಟ್ಟ ಎಸ್‌ಪಿಟಿ ಸೂತ್ರದ್ದು ಎರಡು ನಿಮಿಷದ ಕೆಲಸ. 0.96 ಗುಣಿಸು ಒತ್ತಡ, ಗುಣಿಸು ಗುಂಪಿನ ಅಗಲದ ವರ್ಗಮೂಲ, ಗುಣಿಸು ಆಳದ ಗುಣಕ, ಭಾಗಿಸು ಎನ್. ನಮ್ಮಲ್ಲಿ ಆಳದ ಗುಣಕ 0.69 ಬಂತು, ಉತ್ತರ 13 ಮಿ.ಮೀ. ಮರಳಿಗೆ ಮಾತ್ರ ಇದು. ಎರಿ ಮಣ್ಣಿಗೋ ಜೇಡಿಗೋ ಹಾಕಿದರೆ ಸುಮ್ನೆ ಒಂದು ಅಂಕಿ ಸಿಗುತ್ತದೆ, ಅಷ್ಟೇ.

ಇನ್ನು ಲೋಡ್ ಟೆಸ್ಟ್ ಹಿಡಿದು ಹೋಗುವ ದಾರಿ. ಗುತ್ತಿಗೆದಾರರಿಗೆ ಇದು ಇಷ್ಟ, ಯಾಕೆಂದರೆ ಟೆಸ್ಟ್ ಹೇಗೂ ಮಾಡಿರುತ್ತಾರೆ. ನಮ್ಮ ಒಂಟಿ ಪೈಲ್ 450 ಕಿಲೋನ್ಯೂಟನ್‌ಗೆ 3 ಮಿ.ಮೀ. ಇಳಿಯಿತು. ವೆಸಿಕ್ ಸೂತ್ರದಂತೆ ಗುಂಪಿನ ಅಗಲವನ್ನು ಪೈಲ್ ವ್ಯಾಸದಿಂದ ಭಾಗಿಸಿ ವರ್ಗಮೂಲ ತೆಗೆದರೆ 3.16 ಪಟ್ಟು, ಅಂದರೆ 9.5 ಮಿ.ಮೀ. ಇಲ್ಲೊಂದು ಗೊಂದಲ ಪದೇ ಪದೇ ನೋಡುತ್ತೇನೆ. ಪೈಲುಗಳ ಭಾರತೀಯ ಮಾನಕ ಐಎಸ್ 2911ರ ನಾಲ್ಕನೇ ಭಾಗದಲ್ಲಿ ಒಂಟಿ ಪೈಲಿಗೆ 12 ಮಿ.ಮೀ., ಗುಂಪಿಗೆ 25 ಮಿ.ಮೀ. ಅಂತ ಬೇರೆ ಬೇರೆ ಮಿತಿ ಇದೆ. ಒಂಟಿ ಪೈಲ್ 12ರೊಳಗೆ ಪಾಸಾಯಿತು ಅಂದರೆ ಗುಂಪೂ ಪಾಸಾಯಿತು ಅಂತ ಅರ್ಥವಲ್ಲ.

ಹೆಚ್ಚು ಹೊತ್ತು ಕೂತದ್ದು ಇಂಟರ್‌ಆ್ಯಕ್ಷನ್ ಫ್ಯಾಕ್ಟರ್ ಮೇಲೆ. ಪೌಲೋಸ್ 1968ರಲ್ಲಿ ತಂದ ವಿಚಾರ ಇದು: ಒಂದು ಪೈಲ್ ಇಳಿದರೆ ಪಕ್ಕದ್ದನ್ನೂ ಸ್ವಲ್ಪ ಎಳೆದುಕೊಂಡೇ ಇಳಿಯುತ್ತದೆ. ಎಷ್ಟು ಎಳೆಯುತ್ತದೆ ಅನ್ನುವುದಕ್ಕೆ ನಾನು ಬಳಸಿದ್ದು ರ‍್ಯಾಂಡಾಲ್ಫ್ ಮತ್ತು ರಾತ್ 1978ರಲ್ಲಿ ಕೊಟ್ಟ ಲಾಗರಿದಮ್ ಸೂತ್ರ. ಎಕ್ಸೆಲ್‌ನಲ್ಲಿ ಆರಾಮಾಗಿ ಕೂರುತ್ತದೆ. 1.8 ಮೀಟರ್ ದೂರದ ಪಕ್ಕದ ಪೈಲಿಗೆ 0.57, ಕರ್ಣದ ಆಚೆ ತುದಿಯಲ್ಲಿ 7.6 ಮೀಟರ್ ದೂರದ್ದಕ್ಕೆ 0.23. ಉಳಿದ 15 ಪೈಲುಗಳ ಪಾಲು ಕೂಡಿಸಿ ಸರಾಸರಿ ತೆಗೆದರೆ 6.17. ತನ್ನದೊಂದು ಸೇರಿಸಿದರೆ 7.17 ಪಟ್ಟು, ಅಂದರೆ 21 ಮಿ.ಮೀ. ದಾಟುತ್ತದೆ.

ಈ ಉತ್ತರ ಹೆಚ್ಚಾಯಿತು ಅನ್ನಿಸುವುದಕ್ಕೆ ಕಾರಣ ಇದೆ. ಟೆಸ್ಟಿನ 3 ಮಿ.ಮೀ.ಯಲ್ಲಿ ಒಂದಿಷ್ಟು ಪೈಲಿಗೆ ಅಂಟಿದ ಮಣ್ಣು ಜಾರಿದ್ದು. ಆ ಜಾರಿಕೆ ಪಕ್ಕದ ಪೈಲಿಗೆ ದಾಟುವುದಿಲ್ಲ, ಸ್ಥಿತಿಸ್ಥಾಪಕ ಭಾಗ ಮಾತ್ರ ದಾಟುತ್ತದೆ. ಟೆಸ್ಟ್ ಗ್ರಾಫಿನ ಮೊದಲ ನೇರ ಭಾಗವನ್ನು 450ರ ತನಕ ಎಳೆದು ನೋಡಿದರೆ 2 ಮಿ.ಮೀ. ಬರುತ್ತಿತ್ತು. ಆ 2ನ್ನು 6.17ರಿಂದ ಗುಣಿಸಿ, ಪೈಲಿನ ಸ್ವಂತ 3 ಸೇರಿಸಿದರೆ 15 ಮಿ.ಮೀ. ಇಷ್ಟು ತಿದ್ದಿಕೊಳ್ಳದೆ ಈ ವಿಧಾನ ಬಳಸುವುದಾದರೆ ಬಳಸದಿರುವುದೇ ಒಳ್ಳೆಯದು.

ಕೊನೆಯದು ಈಕ್ವಿವಲೆಂಟ್ ಪಿಯರ್. 16 ಪೈಲ್, ನಡುವಿನ ಮಣ್ಣು ಎಲ್ಲ ಸೇರಿ 6.8 ಮೀಟರ್ ವ್ಯಾಸದ ಒಂದೇ ದಪ್ಪ ಕಂಬ ಅಂದುಕೊಂಡು ಒಂಟಿ ಪೈಲಿನ ಸೂತ್ರವನ್ನೇ ಹಾಕುವುದು. ಬಂದದ್ದು 8ರಿಂದ 9 ಮಿ.ಮೀ. ಯಾವಾಗ ಪಿಯರ್, ಯಾವಾಗ ರಾಫ್ಟ್ ಅನ್ನುವುದಕ್ಕೆ ರ‍್ಯಾಂಡಾಲ್ಫ್ ಮತ್ತು ಕ್ಲಾನ್ಸಿ 1993ರಲ್ಲಿ ಒಂದು ಸುಲಭದ ಅಳತೆ ಕೊಟ್ಟಿದ್ದಾರೆ: ಪೈಲ್ ಸಂಖ್ಯೆಯನ್ನು ಅಂತರದಿಂದ ಗುಣಿಸಿ, ಉದ್ದದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 2ಕ್ಕಿಂತ ಕಡಿಮೆ ಇದ್ದರೆ ಪಿಯರ್, 4ಕ್ಕಿಂತ ಜಾಸ್ತಿ ಇದ್ದರೆ ರಾಫ್ಟ್. ನಮ್ಮದು 1.4. ನಮ್ಮ ಕಡೆಯ ಟ್ಯಾಂಕು, ಸೇತುವೆ ಕಂಬಗಳ ಗುಂಪುಗಳು ಹೆಚ್ಚಾಗಿ ಹೀಗೇ ಸಣ್ಣವು. ಆದರೂ ಎಲ್ಲರ ಕೈ ಮೊದಲು ಹೋಗುವುದು ರಾಫ್ಟಿಗೇ.

ಟ್ಯಾಂಕು ತುಂಬಿಸಿ ಕ್ಯಾಪಿನ ನಾಲ್ಕು ಮೂಲೆಗೂ ಲೆವೆಲ್ ಹಿಡಿದಾಗ ಸಿಕ್ಕಿದ್ದು ಸುಮಾರು 11 ಮಿ.ಮೀ. ಲೆವೆಲಿನ ಸ್ಟಾಫ್ (ಅಳತೆ ಕೋಲು) ಹಿಡಿದಿದ್ದ ಮೇಸ್ತ್ರಿಗೆ ಆ 11ರ ಬಗ್ಗೆ ಆಸಕ್ತಿಯೇ ಇರಲಿಲ್ಲ. 'ಎಷ್ಟ್ ಇಳದೈತಿ ಅಂತ ಬ್ಯಾಡ್ರಿ ಸಾಹೇಬ್ರ, ನಾಕೂ ಮೂಲಿ ಒಂದ ಸಮ ಇಳದಾವೇನ್ ಹೇಳ್ರಿ' ಅಂದ. ಟ್ಯಾಂಕಿಗೆ ನಿಜಕ್ಕೂ ಬೇಕಾದ ಪ್ರಶ್ನೆ ಅದೇ. ಮೂಲೆಗಳ ನಡುವೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇತ್ತು, ತೊಂದರೆಯಿಲ್ಲ.

ವೆಸಿಕ್, ಮೇಯರ್‌ಹಾಫ್ ಇಬ್ಬರೂ 11ಕ್ಕೆ ಹತ್ತಿರ ಬಂದರಲ್ಲ, ಅವೇ ಸಾಕಲ್ವಾ? ಈ ಜಾಗಕ್ಕೆ ಸಾಕು, ಮರಳು ಕೊನೆತನಕ ಒಂದೇ ತರಹ ಇತ್ತಲ್ಲ. ಇದೇ ಜಾಗದಲ್ಲಿ ಪೈಲ್ ತುದಿಯಿಂದ 5 ಮೀಟರ್ ಕೆಳಗೆ 2 ಮೀಟರ್ ದಪ್ಪದ ಮೆತ್ತನೆ ಜೇಡಿ ಪದರ ಇದೆ ಅಂದುಕೊಳ್ಳಿ. ಎಂವಿ ಬೆಲೆ (ಒತ್ತಡಕ್ಕೆ ಜೇಡಿ ಎಷ್ಟು ಕುಗ್ಗುತ್ತದೆ ಅನ್ನುವ ಅಳತೆ) ಮೆಗಾನ್ಯೂಟನ್‌ಗೆ 0.3 ಚದರ ಮೀಟರ್. ಒಂಟಿ ಪೈಲ್ ಟೆಸ್ಟಿನ ಭಾರ ಅಷ್ಟು ಕೆಳಗೆ ಹೋಗುವುದೇ ಇಲ್ಲ. ಆಗಲೂ 3 ಮಿ.ಮೀ.ಯೇ ತೋರಿಸುತ್ತದೆ, ವೆಸಿಕ್ 9.5 ಅಂತಲೇ ಹೇಳುತ್ತದೆ. ಆದರೆ ಗುಂಪಿನ ಭಾರ ಅಲ್ಲಿಗೆ ಮುಟ್ಟುತ್ತದೆ. 11 ಮೀಟರ್ ರಾಫ್ಟ್ ಹಿಡಿದರೂ ಆ ಪದರದ ಮೇಲೆ 15 ಕಿಲೋಪಾಸ್ಕಲ್ ಬೀಳುತ್ತದೆ, ಅದೊಂದೇ 9 ಮಿ.ಮೀ. ಕುಗ್ಗುತ್ತದೆ. 6 ಮೀಟರ್ ರಾಫ್ಟ್ ಹಿಡಿದರೆ ಸುಮಾರು 15. ಪದರ ಪದರವಾಗಿ ಕೂಡಿಸುವ ರಾಫ್ಟ್ ಲೆಕ್ಕ ಗೆಲ್ಲುವುದು ಇಲ್ಲಿ. ಆಳದ ಬುನಾದಿಗಳ ಸೆಟ್ಲ್‌ಮೆಂಟಿಗೆಂದೇ ಇರುವ ಐಎಸ್ 8009ರ ಎರಡನೇ ಭಾಗವನ್ನೂ ಆಗ ತೆಗೆದು ಕೂರಬೇಕು.

ಈಗ ನಾನು ಮಾಡುವುದು ಹೀಗೆ. ಸಣ್ಣ ಗುಂಪು, ಒಂದೇ ತರಹದ ಮಣ್ಣು ಇದ್ದರೆ ಪಿಯರ್ ಲೆಕ್ಕ, ಪಕ್ಕದಲ್ಲಿ ತಿದ್ದಿದ ಇಂಟರ್‌ಆ್ಯಕ್ಷನ್ ಲೆಕ್ಕ. ನಮ್ಮ ಟ್ಯಾಂಕಿನ 11 ಆ ಎರಡರ ನಡುವೆಯೇ ಬಿತ್ತು. ಇ ಬೆಲೆಯನ್ನು ಅರ್ಧ ಮಾಡಿ ಪಿಯರ್ ಲೆಕ್ಕ ಇನ್ನೊಮ್ಮೆ ಓಡಿಸುತ್ತೇನೆ. ಆಗಲೂ 25 ದಾಟದಿದ್ದರೆ ಮುಂದಿನ ಕೆಲಸ. ತುದಿಯ ಕೆಳಗೆ ಮೆತ್ತನೆ ಪದರ ಇದ್ದರೆ ನೇರ ರಾಫ್ಟ್, ಎರಡೂ ಅಗಲಕ್ಕೆ. ಬೋರ್‌ಹೋಲನ್ನು ಪೈಲ್ ತುದಿಗೇ ನಿಲ್ಲಿಸಿ ಕಳಿಸಿದ ಮಣ್ಣಿನ ರಿಪೋರ್ಟ್ ಬಂದರೆ ಯಾವ ಲೆಕ್ಕಕ್ಕೂ ಕೂರುವುದಿಲ್ಲ. ಗುಂಪಿನ ಅಗಲದ ಎರಡು ಪಟ್ಟಾದರೂ ಇನ್ನೂ ಕೆಳಗೆ, ಇಲ್ಲವೇ ಗಟ್ಟಿ ಕಲ್ಲು ಸಿಗುವ ತನಕ ಕೊರೆಯಿರಿ ಅಂತ ವಾಪಸ್ ಕಳಿಸುತ್ತೇನೆ.