ರಾಟ್‌ವೀಲರ್‌ಗೆ ಬುಟ್ಟಿ ಮಝಲ್: ತಗೊಳ್ಳಿ, ಆದ್ರೆ ಅದೊಂದನ್ನೇ ನೆಚ್ಚಬೇಡಿ

ನಮ್ಮದು ಮಂಡ್ಯದ ಹೊರಗೆ ಆಲೆಮನೆ. ಕಬ್ಬು ಕಡಿಯುವವರು, ಟ್ರ್ಯಾಕ್ಟರ್‌ನವರು, ಬೆಲ್ಲದ ವ್ಯಾಪಾರಿಗಳು ಬಂದು ಹೋಗುತ್ತಲೇ ಇರುತ್ತಾರೆ. ಅಂಥ ಕಡೆ 40 ಕಿಲೋ ತೂಗುವ ಹೆಣ್ಣು ರಾಟ್‌ವೀಲರ್ ನಾಯಿ ಸಾಕಿದ್ದೇವೆ. ಹೆಸರು ರಾಣಿ. ಅವಳಿಗೆ ಮೈಸೂರಿನ ಪೆಟ್ ಶಾಪ್‌ನಿಂದ ತಂದ ರಬ್ಬರ್ ಬುಟ್ಟಿ ಮಝಲ್, ಅಂದ್ರೆ ಕಚ್ಚದ ಹಾಗೆ ಮೂತಿಗೆ ಹಾಕುವ ಬುಟ್ಟಿ, ಹೇಗಿದೆ ಅಂತ ಹೇಳುತ್ತೇನೆ.

ಬುಟ್ಟಿಯೊಳಗೆ ಬಾಯಿ ಚೆನ್ನಾಗಿ ತೆರೆಯುತ್ತದೆ. ನಾಲಿಗೆ ಚಾಚಿ ತೇಕಬಹುದು, ನೀರು ಕುಡಿಯಬಹುದು. ಇದೇ ಮುಖ್ಯ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳುತ್ತದೆ. ಅಂಗಡಿಯವರು ಮೊದಲು ತೋರಿಸಿದ್ದು ಬಾಯಿ ಬಿಗಿಯುವ ನೈಲಾನ್ ಪಟ್ಟಿ, ಅಗ್ಗ ಅಂತ. ಡಾಕ್ಟರ್ ಇಂಜೆಕ್ಷನ್ ಕೊಡುವ ಎರಡು ನಿಮಿಷಕ್ಕೆ ಅದು ಸಾಕು. ಏಪ್ರಿಲ್ ಬಿಸಿಲಲ್ಲಿ ಅದನ್ನು ಹಾಕಿ ವಾಕಿಂಗ್ ಕರೆದೊಯ್ದರೆ ನಾಯಿ ಜೀವಕ್ಕೇ ಕುತ್ತು.

ಪ್ಯಾಕೆಟ್ ಮೇಲಿನ ಸೈಜ್ ನಂಬಬೇಡಿ. ಮೂತಿಯ ಉದ್ದ, ಸುತ್ತಳತೆ ಟೇಪ್‌ನಲ್ಲಿ ಅಳೆದುಕೊಂಡೇ ಹೋಗಿ. ಬಕಲ್ ಮಾತ್ರ ಕಳಪೆ, ಒಂದು ಮಳೆಗಾಲಕ್ಕೇ ತುಕ್ಕು ಹಿಡಿಯಿತು.

ತಂದ ದಿನವೇ ಮೂತಿಗೆ ತುರುಕಬೇಡಿ. ಬುಟ್ಟಿಯ ಒಳಗೆ ಗಟ್ಟಿ ಮೊಸರು ಸವರಿ ಹಿಡಿಯಿರಿ, ಅದೇ ಮೂತಿ ಇಟ್ಟು ನೆಕ್ಕುತ್ತದೆ. ಬೆಲ್ಟ್ ಕಟ್ಟುವ ಮಾತು ಆಮೇಲೆ. ರಾಣಿ ಈಗ ಮಝಲ್ ಕಂಡರೆ ಬಾಲ ಆಡಿಸುತ್ತಾಳೆ. ಪಕ್ಕದ ಹೊಲದ ಅಜ್ಜ ನೋಡಿ, "ಎತ್ತಿಗೆ ಕುಕ್ಕೆ ಹಾಕ್ದಂಗೆ ಹಾಕಿದ್ದೀಯಲ್ಲವ್ವ" ಅಂದರು.

ಆದರೆ ಮಝಲ್ ಕಚ್ಚುವುದನ್ನು ತಡೆಯುತ್ತದೆ, ಹೆದರಿಕೆಯನ್ನಲ್ಲ. ಅದಕ್ಕೆ ಮರಿಯಿದ್ದಾಗಲೇ ಕೆಲಸ ಆಗಬೇಕು. ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಕಂಡದ್ದನ್ನು ನಾಯಿ ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ರಾಣಿಗೆ ಲಸಿಕೆ ಮುಗಿದಿರಲಿಲ್ಲ, ಹಾಗಾಗಿ ನೆಲಕ್ಕೆ ಬಿಡದೆ ಎತ್ತಿಕೊಂಡೇ ತಿರುಗಿಸಿದೆ. ತಲೆಗೆ ಟವೆಲ್ ಸುತ್ತಿದವರು, ಮಚ್ಚು ಹಿಡಿದವರು, ಗಾಣದ ಸದ್ದು, ಛತ್ರಿ, ಯೂನಿಫಾರ್ಮ್ ಮಕ್ಕಳು ಎಲ್ಲ ತೋರಿಸಿದೆ. ಎಲ್ಲರ ಕೈಲೂ ಮುಟ್ಟಿಸಲಿಲ್ಲ. ಜನರನ್ನು ನೋಡಿ ಸುಮ್ನೆ ಇದ್ದರೆ ಸಾಕು, ಮೈಮೇಲೆ ಬಿದ್ದು ಮುದ್ದಾಡಬೇಕಿಲ್ಲ.

"ಹಿಂಗೆಲ್ಲ ಸಾಕಿದ್ರೆ ಕಾವಲು ಕಾಯ್ತದಾ?" ಅಂತ ನಮ್ಮ ಯಜಮಾನರಿಗೇ ಅನುಮಾನವಿತ್ತು. ಹಗಲು ಕೂಲಿಯವರು ಬಂದರೆ ತಲೆ ಎತ್ತಿ ನೋಡಿ ಮಲಗುತ್ತಾಳೆ. ರಾತ್ರಿ ಪಂಪ್‌ಸೆಟ್ ಹತ್ತಿರ ಯಾರಾದರೂ ಸುಳಿದರೆ ಊರಿಗೇ ಕೇಳುವ ಹಾಗೆ ಬೊಗಳುತ್ತಾಳೆ. ದಿನದ ಓಡಾಟ ಯಾವುದು ಅಂತ ಗೊತ್ತಿದ್ದರೆ ತಾನೇ ಬೇರೆಯದು ಗೊತ್ತಾಗುವುದು? ಸರಪಳಿಗೆ ಕಟ್ಟಿ, ಜನರನ್ನೇ ತೋರಿಸದೆ ಬೆಳೆಸಿದ ನಾಯಿಗೆ ಪೋಸ್ಟ್‌ಮ್ಯಾನೂ ಕಳ್ಳನೇ.

"ಈ ಜಾತಿ ಬ್ಯಾನ್ ಆಗಿದೆ ಅಲ್ವಾ?" ಅಂತ ಈಗಲೂ ಕೇಳುತ್ತಾರೆ. 2024ರ ಮಾರ್ಚ್‌ನಲ್ಲಿ ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸಿ ಅಂತ ಕೇಂದ್ರದ ಸುತ್ತೋಲೆ ಬಂದಿತ್ತು. ಏಪ್ರಿಲ್‌ನಲ್ಲೇ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಂತ ಬೇಕಾಬಿಟ್ಟಿ ಬಿಡುವಂತಿಲ್ಲ. ನಾವು ಅಜಾಗರೂಕರಾಗಿ ಬಿಟ್ಟು ನಾಯಿ ಯಾರಿಗಾದರೂ ಕಚ್ಚಿದರೆ ಕೇಸು ನಮ್ಮ ಮೇಲೇ.

ನಾನು ಮಝಲ್ ಹಾಕುವುದು ಪಶು ಆಸ್ಪತ್ರೆಗೆ ಮತ್ತು ನೂರಡಿ ರಸ್ತೆ ಕಡೆ ಹೋಗುವಾಗ ಮಾತ್ರ. ಹಾಕಿ ಒಂಟಿಯಾಗಿ ಬಿಡುವುದಿಲ್ಲ, ಬೀದಿನಾಯಿಗಳು ಮೇಲೆ ಬಿದ್ದರೆ ಪಾಪ ಅದೇನು ಮಾಡೀತು? ಮಝಲ್‌ಗೆ ಐದರಲ್ಲಿ ನಾಲ್ಕು ಅಂಕ. ಬಕಲನ್ನು ಪೇಟೆಯ ಚಪ್ಪಲಿ ರಿಪೇರಿಯವರ ಹತ್ತಿರ ಹಿತ್ತಾಳೆಯದಕ್ಕೆ ಬದಲಾಯಿಸಿಕೊಂಡೆ.